ಗೇಟಿನಲ್ಲಿ ನಿಂತವನ ಸಿನಿಮಾ

2024ರ ಆಗಸ್ಟ್ 10, ಶನಿವಾರ. ಆ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟು ಕೊಚ್ಚಿಕೊಂಡು ಹೋಯ್ತು. ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಮೊಬೈಲು ಒಂದೇ ಸಮನೆ ಗುಂಯ್‌ಗುಡತೊಡಗಿತು. ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬಕ್ಕೂ ಅಷ್ಟು ಮೆಸೇಜು ಬರೋದಿಲ್ಲ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ನಮ್ಮೂರು. ಎಡದಂಡೆ ಕಾಲುವೆಯ ನೀರು ಬಂದರೆ ನೆಲ್ಲು, ಬರದಿದ್ದರೆ ಬರೀ ಮಣ್ಣು. ಡ್ಯಾಮು ತುಂಬಿತ್ತು, ನಾಟಿ ನಡೆದಿತ್ತು. ಈಗ ಗೇಟು ಕೂರಿಸಬೇಕಂದ್ರೆ ತುಂಬಿದ ನೀರನ್ನು ಹೊಳೆಗೆ ಬಿಡಬೇಕು.

ಕಾಕಾ ಫೋನ್ ಮಾಡಿದ. "ತಮ್ಮಾ, ನೀರು ಹೊಂಟೈತಿ. ಹಚ್ಚಿದ ನೆಲ್ಲು ಏನಾಗ್ತದೋ."

ನಾನು ಏನು ಹೇಳಲಿ? ನಾನು ಸಾಫ್ಟ್‌ವೇರ್ ಎಂಜಿನಿಯರ್ರು, ಡ್ಯಾಮಿನ ಎಂಜಿನಿಯರ್ರಲ್ಲ. "ಏನಾದ್ರೂ ಮಾಡ್ತಾರ ಬಿಡು ಕಾಕಾ, ಮಲಕ್ಕೊ" ಅಂದೆ. ಅವನೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ನಿದ್ದೆ ಬಾರದೆ ಲ್ಯಾಪ್‌ಟಾಪ್ ತೆಗೆದೆ. ಹಳೆಯ ಹಿಂದಿ ಸಿನಿಮಾಗಳನ್ನು ಸಾಲಾಗಿ ನೋಡುವ ಚಟ ಲಾಕ್‌ಡೌನಿನಿಂದ ಅಂಟಿಕೊಂಡಿದೆ. ಆ ವಾರ ಅರ್ಧಕ್ಕೆ ನಿಂತಿದ್ದ ಸಿನಿಮಾ 'ಪಡೋಸಿ'. ವಿ. ಶಾಂತಾರಾಮ್ ನಿರ್ದೇಶನ, ಪುಣೆಯ ಪ್ರಭಾತ್ ಫಿಲ್ಮ್ ಕಂಪನಿ, 1941. ಉಳಿದರ್ಧ ನೋಡುತ್ತ ಹೋದರೆ, ಕೊನೆಗೆ ಪರದೆಯ ಮೇಲೆ ಒಡೆಯೋದು ಒಂದು ಡ್ಯಾಮು!

ಕಾಕತಾಳೀಯ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಆ ರಾತ್ರಿ ಶುರುವಾದ ಯೋಚನೆ ಇನ್ನೂ ಮುಗಿದಿಲ್ಲ. ಅದಕ್ಕೇ ಈ ಬರಹ.

'ಪಡೋಸಿ'ಯ ಕತೆ ಸರಳ. ಒಂದು ಹಳ್ಳಿ. ಅಕ್ಕಪಕ್ಕದ ಮನೆಯ ಇಬ್ಬರು ಮುದುಕರು, ಒಬ್ಬ ಠಾಕೂರ್, ಒಬ್ಬ ಮಿರ್ಜಾ. ಅಣ್ಣತಮ್ಮಂದಿರಿಗಿಂತ ಹೆಚ್ಚಿನ ದೋಸ್ತಿ. ಊರಿಗೆ ಡ್ಯಾಮು ಕಟ್ಟುವ ದುಡ್ಡಿನ ಮನುಷ್ಯ ಬರುತ್ತಾನೆ. ಇಬ್ಬರೂ ಒಂದಾಗಿದ್ದರೆ ಅವನ ಕೆಲಸ ಸಾಗೋದಿಲ್ಲ. ಹಾಗಾಗಿ ಅವನು ಮೊದಲು ಒಡೆಯೋದು ದೋಸ್ತಿಯನ್ನು. ಕೊನೆಗೆ ಒಡ್ಡು ಸಿಡಿಯುವಾಗ ಇಬ್ಬರೂ ಒಟ್ಟಿಗೇ ಸಾಯುತ್ತಾರೆ.

ಈ ಸಿನಿಮಾದ ಬಗ್ಗೆ ಬರೆಯುವವರೆಲ್ಲ ತಪ್ಪದೆ ಹೇಳುವ ಒಂದು ಮಾತಿದೆ. ಹಿಂದೂ ಠಾಕೂರನ ಪಾತ್ರ ಮಾಡಿದ್ದು ಮಜ್ಹರ್ ಖಾನ್, ಮುಸ್ಲಿಂ ಮಿರ್ಜಾನ ಪಾತ್ರ ಮಾಡಿದ್ದು ಗಜಾನನ ಜಾಗೀರದಾರ್. ಲಾಹೋರ್ ನಿರ್ಣಯ ಆಗಿದ್ದು 1940ರ ಮಾರ್ಚಿನಲ್ಲಿ, ಸಿನಿಮಾ ಬಂದಿದ್ದು ಮರುವರ್ಷ. ಹೆಸರು ಅದಲುಬದಲು ಮಾಡಿ ನಟರನ್ನು ಹಾಕಿದ್ದು ಧೈರ್ಯದ ಕೆಲಸವೇ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಈ ಸಿನಿಮಾದಲ್ಲಿ ಧರ್ಮದ ಜಗಳ ಧರ್ಮದಿಂದ ಹುಟ್ಟೋದಿಲ್ಲ, ನೆಲ ಮತ್ತು ನೀರಿನಿಂದ ಹುಟ್ಟುತ್ತದೆ. ಜಗಳ ಹತ್ತಿದ ಮೇಲಷ್ಟೇ ಜನ ಅದಕ್ಕೆ ಧರ್ಮದ ಅಂಗಿ ತೊಡಿಸುತ್ತಾರೆ. ಕಾಲುವೆ ಬದುವಿನಲ್ಲಿ ಬೆಳೆದ ಯಾರಿಗೆ ಬೇಕಾದರೂ ಇದು ಗೊತ್ತು. ಸಿನಿಮಾ ವಿಮರ್ಶಕರಿಗೆ ಅಷ್ಟಾಗಿ ಗೊತ್ತಿದ್ದಂತಿಲ್ಲ.

ನಮ್ಮ ಡ್ಯಾಮಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಆ ದಂಡೆಗೆ ನಿಜಾಮರ ಹೈದರಾಬಾದು, ಈ ದಂಡೆಗೆ ಮದ್ರಾಸು. 'ಪಡೋಸಿ' ಬಂದಾಗ ಸಿಂಧನೂರಿನ ರೈತ ಡ್ಯಾಮು ಅನ್ನೋ ಶಬ್ದವನ್ನೇ ಕೇಳಿರಲಿಕ್ಕಿಲ್ಲ. ಆಮೇಲೆ ನೀರು ಬಂತು, ನೀರಿನ ಹಿಂದೆ ಆಂಧ್ರದ ಕಡೆಯಿಂದ ನೆಲ್ಲು ಬೆಳೆಯೋದು ಗೊತ್ತಿದ್ದ ಮಂದಿ ಬಂದರು, ಕ್ಯಾಂಪುಗಳಾದವು. ನಮ್ಮ ಮುತ್ಯಾ ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಅರ್ಧವನ್ನು ಸಿಕ್ಕ ಬೆಲೆಗೆ ಮಾರಿದ. ಕೆಲವೇ ವರ್ಷಗಳಲ್ಲಿ ಅದೇ ನೆಲಕ್ಕೆ ನಮ್ಮವ್ವ ಕೂಲಿಗೆ ನೆಲ್ಲು ಹಚ್ಚಲಿಕ್ಕೆ ಹೋದಳು. ಡ್ಯಾಮು ನಮಗೆ ಅನ್ನ ಕೊಟ್ಟಿದೆ, ನನ್ನ ಬಿ.ಇ. ಫೀಸೂ ಆ ನೀರಿನಿಂದಲೇ ಬಂದದ್ದು. ಆದರೂ ಶಾಂತಾರಾಮರ ಆ ದುಡ್ಡಿನ ಮನುಷ್ಯನನ್ನು ನೋಡಿದಾಗ, ಇವನನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

ಇಷ್ಟು ಸರಿಯಾಗಿ ಹಳ್ಳಿಯನ್ನು ಕಂಡ ಈ ಮನುಷ್ಯ ಯಾರು? ಅವನ ಕಣ್ಣು ಎಲ್ಲಿ ತಯಾರಾಯಿತು?

ಹಿಂದಿ ಸಿನಿಮಾದ ಮೊದಲ ದಿನಗಳ ಕತೆಯನ್ನು ನಾವು ಬಾಂಬೆಯ ಕತೆಯಾಗಿಯೇ ಓದಿದ್ದೇವೆ. 1913ರಲ್ಲಿ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'. 1931ರ ಮಾರ್ಚ್ 14ಕ್ಕೆ ಅರ್ದೇಶಿರ್ ಇರಾನಿಯವರ 'ಆಲಂ ಆರಾ', ಮೊದಲ ಟಾಕಿ. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿಯವರ ಬಾಂಬೆ ಟಾಕೀಸ್. (ಕನಕಪುರ ರಸ್ತೆಯಲ್ಲಿ ತಾತಗುಣಿ ಎಸ್ಟೇಟಿನ ಮುಂದೆ ಹಾದುಹೋಗುವಾಗ ಒಮ್ಮೆ ಆ ಕಡೆ ನೋಡಿ. ದೇವಿಕಾ ರಾಣಿ ಬಹಳ ಕಾಲ ಇದ್ದದ್ದು ಅಲ್ಲೇ.) ಈ ಪಟ್ಟಿಯಲ್ಲಿ ನಮ್ಮ ಕಡೆಯ ಊರು ಒಂದೂ ಬರೋದಿಲ್ಲ. ಆದರೆ ಇದೆ, ಹುಬ್ಬಳ್ಳಿ.

ಶಾಂತಾರಾಮ್ ಹುಟ್ಟಿದ್ದು ಕೊಲ್ಲಾಪುರದಲ್ಲಿ, 1901ರ ನವೆಂಬರಿನಲ್ಲಿ. ಮನೆಯಲ್ಲಿ ಬಡತನ. ಹುಡುಗನಾಗಿದ್ದಾಗಲೇ ಹುಬ್ಬಳ್ಳಿಗೆ ಬಂದ, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ. ಅದರ ಜೊತೆಗೆ ಊರಿನ ತಗಡಿನ ಶೆಡ್ಡಿನ ಸಿನಿಮಾದಲ್ಲಿ ಚಿಲ್ಲರೆ ಕೆಲಸ, ಆಮೇಲೆ ಬಾಗಿಲು ಕಾಯುವ ಕೆಲಸ. ಫಿಲ್ಮ್ ಸ್ಕೂಲು ಅನ್ನೋದು ಇಲ್ಲದ ಕಾಲ. ಅವನ ಸ್ಕೂಲು ಆ ಬಾಗಿಲೇ. 1920ರಲ್ಲಿ ಕೊಲ್ಲಾಪುರಕ್ಕೆ ಮರಳಿ ಬಾಬೂರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಸೇರಿದ್ದು, 1929ರಲ್ಲಿ ಗೆಳೆಯರ ಜೊತೆ ಪ್ರಭಾತ್ ಕಟ್ಟಿದ್ದು, ಇದೆಲ್ಲ ಆಮೇಲಿನ ಮಾತು.

ಈ ವಿವರ ಓದಿದ ದಿನ ನಾನು ಖುಷಿಯಿಂದ ಕಾಕಾನಿಗೆ ಫೋನ್ ಮಾಡಿದ್ದೆ. ಯಾಕಂದ್ರೆ ನಮ್ಮ ಕಾಕಾನೂ ಗೇಟ್ ಕೀಪರ್ರು. 80ರ ದಶಕದಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತುತ್ತಿದ್ದ ಒಂದು ಟೆಂಟ್ ಟಾಕೀಜಿನಲ್ಲಿ ಹತ್ತು ವರ್ಷ ಟಿಕೆಟು ಹರಿದವನು. ಕಾಲೇಜಿನಲ್ಲಿದ್ದಾಗ ಈ ಸಂಗತಿಯನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. "ಕಾಕಾ ಏನು ಮಾಡ್ತಾರೆ" ಅಂದರೆ "ಅಗ್ರಿಕಲ್ಚರ್" ಅಂತ ಮುಗಿಸುತ್ತಿದ್ದೆ. ಈಗ ಇಂಟರ್‌ನ್ಯಾಷನಲ್ ಡೈರೆಕ್ಟರ್ ಒಬ್ಬ ಇದೇ ಕೆಲಸ ಮಾಡಿದ್ದ ಅಂತ ಗೊತ್ತಾದ ಮೇಲೆ ಹೆಮ್ಮೆ ಬಂತು. ನಮ್ಮಂಥವರ ಹೆಮ್ಮೆ ಹೀಗೇ, ದೊಡ್ಡವರ ಸಹಿ ಬಿದ್ದ ಮೇಲಷ್ಟೇ ಬರುತ್ತದೆ.

ಕಾಕಾ ಏನೂ ಬೆರಗಾಗಲಿಲ್ಲ. "ಗೇಟಿನ್ಯಾಗ ನಿಂತವಗ ಸಿನಿಮಾ ಪೂರ್ತಿ ಕಾಣಂಗಿಲ್ಲ ತಮ್ಮಾ, ಮಂದಿ ಮಾರಿ ಕಾಣ್ತೈತಿ" ಅಂದ. "ಒಳಗ ಹೋಗೂಮುಂದ ಒಂದು ಮಾರಿ, ಹೊರಗ ಬರೂಮುಂದ ಒಂದು ಮಾರಿ. ಎರಡೂ ಒಂದ ಇದ್ರ ಸಿನಿಮಾ ನಾಳಿ ಎತ್ತಬೇಕು ಅಂತ ತಿಳ್ಕೋ."

ಶಾಂತಾರಾಮರ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯ ಮಾತು ನನಗೆ ಸಿಕ್ಕಿಲ್ಲ. ಅವರ ಸಿನಿಮಾಗಳನ್ನು ನಾನು ಈ ಅಳತೆಗೋಲಿನಲ್ಲೇ ನೋಡುತ್ತೇನೆ. ಎಲ್ಲಿ ಅವರು ಗೇಟಿನಲ್ಲಿ ನಿಂತು ಜನರ ಮುಖ ನೋಡುತ್ತಾರೋ ಅಲ್ಲಿ ಸಿನಿಮಾ ಗೆಲ್ಲುತ್ತದೆ. ಎಲ್ಲಿ ಗೇಟು ಬಿಟ್ಟು ಎತ್ತರಕ್ಕೆ ಹತ್ತಿ ಉಪದೇಶ ಶುರು ಮಾಡುತ್ತಾರೋ ಅಲ್ಲಿ ಸೋಲುತ್ತದೆ. ಎರಡೂ ಒಬ್ಬನೇ ಮನುಷ್ಯನಲ್ಲಿ ಇದ್ದವು.

ಮೊದಲು ಗೆದ್ದದ್ದು. 1937ರ 'ದುನಿಯಾ ನ ಮಾನೆ', ಮರಾಠಿಯಲ್ಲಿ 'ಕುಂಕು'. ತಾಯಿತಂದೆ ಇಲ್ಲದ ಹುಡುಗಿಯನ್ನು ಮೋಸದಿಂದ ಒಬ್ಬ ಮುದಿ ವಕೀಲನಿಗೆ ಕಟ್ಟುತ್ತಾರೆ. ಆಕೆ ಓಡಿಹೋಗೋದಿಲ್ಲ, ಅಳುತ್ತ ಕೂರೋದಿಲ್ಲ. ಅದೇ ಮನೆಯಲ್ಲಿದ್ದುಕೊಂಡು, ಹೆಂಡತಿಯಾಗಿ ಇರೋದಿಲ್ಲ ಅಂತ ಖಡಾಖಂಡಿತ ಹೇಳುತ್ತಾಳೆ. ಶಾಂತಾ ಆಪ್ಟೆಯ ಪಾತ್ರ ಅದು. ಈಗಿನ ವೆಬ್ ಸೀರೀಸಿನವರು ಇದನ್ನು ತೆಗೆದಿದ್ದರೆ ಮುದುಕನನ್ನು ರಾಕ್ಷಸ ಮಾಡುತ್ತಿದ್ದರು. ಶಾಂತಾರಾಮ್ ಅವನಿಗೂ ಒಂದು ಮುಖ ಕೊಟ್ಟರು. ಒಡೆದ ಕನ್ನಡಿಯ ಚೂರುಗಳಲ್ಲಿ ಮುದುಕ ತನ್ನದೇ ಮುಖ ನೋಡಿಕೊಳ್ಳುವ ದೃಶ್ಯವಿದೆ. ಅಷ್ಟೂ ಚೂರುಗಳಲ್ಲಿ ಅಷ್ಟೂ ಮುದುಕರು. ಕೇಶವರಾವ್ ದಾತೆ ಅಲ್ಲಿ ಒಂದು ಮಾತೂ ಆಡಬೇಕಾಗಿಲ್ಲ.

ಇನ್ನೊಂದು ಸಂಗತಿ. ಈ ಸಿನಿಮಾದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಮನೆಯೊಳಗೆ, ಬೀದಿಯಲ್ಲಿ ನಿಜವಾಗಿ ಏನು ಕೇಳುತ್ತದೋ ಅದಷ್ಟೇ. ಟಾಕಿ ಬಂದು ಆರೇ ವರ್ಷ ಆಗಿತ್ತು, ಉಳಿದವರು ಹಾಡಿನ ಮೇಲೆ ಹಾಡು ಪೇರಿಸುತ್ತಿದ್ದರು. ಇದಕ್ಕೂ ನನಗೆ ಕಾಣುವುದು ಗೇಟಿನ ಪಾಠವೇ. ಅವನು ಕೆಲಸಕ್ಕೆ ನಿಂತದ್ದು ಮೂಕಿ ಸಿನಿಮಾಗಳ ಕಾಲ. ಜನ ಯಾವಾಗ ಕೆಮ್ಮುತ್ತಾರೆ, ಯಾವಾಗ ಉಸಿರು ಹಿಡಿಯುತ್ತಾರೆ ಅಂತ ಕೇಳಿಸಿಕೊಂಡವನಿಗೆ ಮೌನದ ಬೆಲೆ ಗೊತ್ತಿರುತ್ತದೆ. ನಮ್ಮ ಟೆಂಟಿನಲ್ಲಿ ಹೆಂಗಸರಿಗೆ ಬೇರೆ ಕಡೆ, ನಡುವೆ ಒಂದು ಪರದೆ. ಆ ಕಡೆ ಸದ್ದು ನಿಂತರೆ ಸಿನಿಮಾ ನಾಟಿತು ಅಂತ ಲೆಕ್ಕ, ಅಂತ ಕಾಕಾ ಹೇಳುತ್ತಿದ್ದ.

1939ರ 'ಆದ್ಮಿ' ಇನ್ನೊಂದು. ಒಬ್ಬ ಪೊಲೀಸ್ ಕಾನ್‌ಸ್ಟೇಬಲ್, ಒಬ್ಬಳು ವೇಶ್ಯೆ. ಬಂಗಾಳದ ನ್ಯೂ ಥಿಯೇಟರ್ಸ್‌ನವರ 'ದೇವದಾಸ್' ನೋಡಿ ಇಡೀ ದೇಶದ ಗಂಡಸರು ಕುಡಿದು ಸಾಯೋದೇ ಪ್ರೀತಿ ಅಂತ ನಂಬಿಕೊಂಡಿದ್ದ ಕಾಲ. ಅದಕ್ಕೆ ಉತ್ತರವಾಗಿ ತೆಗೆದ ಸಿನಿಮಾ ಇದು. ಪ್ರೀತಿ ಸೋತರೂ ಬದುಕು ಇದೆ, ಡ್ಯೂಟಿ ಇದೆ ಅನ್ನುತ್ತದೆ. ಬಾಂಬೆ ಟಾಕೀಸಿನ ಮರದಡಿಯ ಪ್ರೇಮಗೀತೆಗಳನ್ನು ನಡುವೆ ಚೆನ್ನಾಗಿ ಗೇಲಿಯನ್ನೂ ಮಾಡಿದ್ದಾರೆ. ಆ ಹೆಣ್ಣಿನ ಪಾತ್ರ ಮಾಡಿದವರು ಶಾಂತಾ ಹುಬ್ಳೀಕರ್. ಹೆಸರಲ್ಲೇ ಊರಿದೆ ನೋಡಿ. ಡೈರೆಕ್ಟರು ಹುಬ್ಬಳ್ಳಿಯ ಬಾಗಿಲಿನಿಂದ ಬಂದವನು, ನಾಯಕಿ ಹುಬ್ಬಳ್ಳಿಯನ್ನೇ ಹೆಸರಿಗೆ ಅಂಟಿಸಿಕೊಂಡವಳು. ಇಬ್ಬರೂ ಸೇರಿ ಮರಾಠಿ, ಹಿಂದಿ ಎರಡರಲ್ಲೂ ಸಿನಿಮಾ ಮಾಡಿದರು. ಕನ್ನಡ ಸಿನಿಮಾದ ಇತಿಹಾಸದಲ್ಲಿ ಇದಕ್ಕೆ ಜಾಗ ಇಲ್ಲ, ಭಾಷೆ ಬೇರೆ. ಹಿಂದಿ ಸಿನಿಮಾದ ಇತಿಹಾಸದಲ್ಲಿ ಹುಬ್ಬಳ್ಳಿಗೆ ಜಾಗ ಇಲ್ಲ, ಊರು ಬೇರೆ.

ಇಲ್ಲಿ ನನಗೊಂದು ಪ್ರಶ್ನೆ. ಹುಬ್ಬಳ್ಳಿ ಬ್ರಿಟಿಷರ ಬಾಂಬೆ ಪ್ರಾಂತ್ಯದಲ್ಲಿತ್ತು. ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ನಿಜಾಮರ ಕೈಯಲ್ಲಿದ್ದವು. ನಮ್ಮ ರಾಜಧಾನಿ ಹೈದರಾಬಾದಿನಲ್ಲಿ ಸಿನಿಮಾ ಯಾಕೆ ಹುಟ್ಟಲಿಲ್ಲ? ಹುಟ್ಟಿತ್ತು ಅನ್ನೋದೇ ಉತ್ತರ. ಧೀರೇಂದ್ರನಾಥ ಗಂಗೂಲಿ ಅಂತ ಕಲಕತ್ತೆಯ ಕಲಾವಿದ, 1921ರಲ್ಲಿ 'ಬಿಲೇತ್ ಫೆರತ್' ಅನ್ನೋ ಕಾಮಿಡಿಯಿಂದ ಹೆಸರಾದವರು, 20ರ ದಶಕದ ಮೊದಲಲ್ಲೇ ಹೈದರಾಬಾದಿಗೆ ಬಂದು ಲೋಟಸ್ ಫಿಲ್ಮ್ ಕಂಪನಿ ಶುರು ಮಾಡಿದರು. ಸಿನಿಮಾ ತೆಗೆದರು, ಥಿಯೇಟರೂ ನಡೆಸಿದರು. 1924ರಲ್ಲಿ 'ರಜಿಯಾ ಬೇಗಂ' ಅನ್ನೋ ಬಾಂಬೆಯ ಚಿತ್ರವನ್ನು ಪ್ರದರ್ಶಿಸಿದರು. ಮುಸ್ಲಿಂ ರಾಣಿಯ ಪ್ರೇಮದ ಕತೆ. ಅರಮನೆಗೆ ಸಿಟ್ಟು ಬಂತು, ರಾಜ್ಯ ಬಿಟ್ಟು ಹೊರಡಿ ಅಂತ ಹುಕುಂ ಆಯ್ತು. ಗಂಟುಮೂಟೆ ಕಟ್ಟಿ ಕಲಕತ್ತೆಗೆ ಹೋದರು. 1975ರಲ್ಲಿ ಅದೇ ಗಂಗೂಲಿಯವರಿಗೆ ಫಾಲ್ಕೆ ಪ್ರಶಸ್ತಿ ಬಂತು.

ಅಂದ್ರೆ ನಮ್ಮ ಸೀಮೆಯಲ್ಲೂ ಒಂದು ಗೇಟು ಇತ್ತು. ಅದನ್ನು ಒಬ್ಬರ ಸಿಟ್ಟು ಮುಚ್ಚಿತು. ಕೊಲ್ಲಾಪುರದಲ್ಲೂ ಮಹಾರಾಜರಿದ್ದರಲ್ಲ, ಅಲ್ಲಿ ಸಿನಿಮಾ ಬೆಳೆಯಿತಲ್ಲ ಅಂತ ನೀವು ಕೇಳಬಹುದು. ಹೌದು. ರಾಜನಿರುವುದೊಂದೇ ತೊಂದರೆಯಲ್ಲ. ಪರದೆಯ ಮೇಲೆ ಏನಿರಬೇಕು ಅನ್ನೋದನ್ನು ಒಂದೇ ಜೋಡಿ ಕಣ್ಣು ತೀರ್ಮಾನಿಸತೊಡಗಿದರೆ ತೊಂದರೆ.

ಪ್ರಭಾತ್ ಹಾಗಿರಲಿಲ್ಲ. ಅದು ಪಾಲುದಾರರ ಕಂಪನಿ. ಶಾಂತಾರಾಮ್, ವಿಷ್ಣುಪಂತ ದಾಮ್ಲೆ, ಫತ್ತೇಲಾಲ್, ಧಾಯ್ಬರ್, ಬಂಡವಾಳಕ್ಕೆ ಸೀತಾರಾಮ ಕುಲಕರ್ಣಿ. ಇವರಲ್ಲಿ ದಾಮ್ಲೆ ಮತ್ತು ಫತ್ತೇಲಾಲ್ ಜೋಡೆತ್ತುಗಳು. ಒಬ್ಬರು ದಾಮ್ಲೆಮಾಮಾ, ಇನ್ನೊಬ್ಬರು ಸಾಹೇಬ್‌ಮಾಮಾ. 1936ರ 'ಸಂತ ತುಕಾರಾಂ' ಈ ಹಿಂದೂ-ಮುಸ್ಲಿಂ ಜೋಡಿ ಸೇರಿ ನಿರ್ದೇಶಿಸಿದ್ದು, ವೆನಿಸ್ ಚಿತ್ರೋತ್ಸವದ ತನಕ ಹೋಯಿತು. 'ಪಡೋಸಿ'ಯ ಠಾಕೂರ್-ಮಿರ್ಜಾನನ್ನು ಶಾಂತಾರಾಮ್ ದೂರದಿಂದ ತರಬೇಕಿರಲಿಲ್ಲ. ದಿನಾ ಸ್ಟುಡಿಯೋದಲ್ಲಿ ಕಣ್ಣೆದುರೇ ಓಡಾಡುತ್ತಿದ್ದರು.

'ಪಡೋಸಿ'ಯೇ ಪ್ರಭಾತ್‌ನಲ್ಲಿ ಅವರ ಕೊನೆಯ ಸಿನಿಮಾ. ದೋಸ್ತಿ ಒಡೆಯುವ ಕತೆ ತೆಗೆದು ಅವರೇ ದೋಸ್ತರನ್ನು ಬಿಟ್ಟು ಹೊರಟರು. 1942ರಲ್ಲಿ ಬಾಂಬೆಯಲ್ಲಿ ಸ್ವಂತದ ರಾಜಕಮಲ್ ಕಲಾಮಂದಿರ. ತಂದೆ ರಾಜಾರಾಮ್, ತಾಯಿ ಕಮಲ, ಆ ಹೆಸರು. ಇನ್ನು ಪಾಲುದಾರರಿಲ್ಲ. ಇಲ್ಲಿಂದ ಮುಂದೆ ನನ್ನ ತಕರಾರು ಶುರು.

1957ರ 'ದೋ ಆಂಖೇಂ ಬಾರಹ್ ಹಾಥ್' ಅವರ ಅತ್ಯಂತ ಪ್ರಸಿದ್ಧ ಸಿನಿಮಾ. ಮರುವರ್ಷ ಬರ್ಲಿನ್ನಿನಲ್ಲಿ ಸಿಲ್ವರ್ ಬೇರ್ ಬಂತು. ಔಂಧ್ ಸಂಸ್ಥಾನದಲ್ಲಿ ನಿಜವಾಗಿ ನಡೆದ ಬಯಲು ಜೈಲಿನ ಪ್ರಯೋಗ ಇದಕ್ಕೆ ಮೂಲ. ಆದಿನಾಥ ಅನ್ನೋ ಜೈಲರ್ ಆರು ಜನ ಕೊಲೆಗಾರರನ್ನು ಬರಡು ಭೂಮಿಗೆ ಕರೆತಂದು, ಬೇಡಿ ಬಿಚ್ಚಿ, ದುಡಿಸಿ, ಮನುಷ್ಯರನ್ನಾಗಿ ಮಾಡುತ್ತಾನೆ. ಜೈಲರ್ ಸ್ವತಃ ಶಾಂತಾರಾಮ್. ಗೂಳಿಯ ಜೊತೆ ಗುದ್ದಾಡುವ ದೃಶ್ಯದಲ್ಲಿ ಅವರ ಕಣ್ಣಿಗೇ ಏಟಾಯಿತು. ಅದರ ಪ್ರಾರ್ಥನಾ ಗೀತೆಯನ್ನು ನಾವು ಶಾಲೆಯಲ್ಲಿ ಸಾಲಾಗಿ ನಿಂತು ಹಾಡುತ್ತಿದ್ದೆವು. ಭರತ್ ವ್ಯಾಸ್ ಬರೆದದ್ದು, ವಸಂತ ದೇಸಾಯಿ ಸಂಗೀತ ಅಂತ ಆಗ ಯಾರಿಗೆ ಗೊತ್ತು? ಅದು ಸಿನಿಮಾ ಹಾಡು ಅಂತಲೇ ಗೊತ್ತಿರಲಿಲ್ಲ.

ಹೆಸರನ್ನೇ ಒಮ್ಮೆ ಎಣಿಸಿ ನೋಡಿ. ಎರಡು ಕಣ್ಣು, ಹನ್ನೆರಡು ಕೈ. ಕಣ್ಣು ಸಾಹೇಬನದು, ಕೈ ಕೂಲಿಯವರದು. ಆರು ಜನರಿಗೆ ಹನ್ನೆರಡು ಕಣ್ಣೂ ಇದ್ದವಲ್ಲ? ಅವು ಲೆಕ್ಕಕ್ಕಿಲ್ಲ. ಅವರು ಓಡಿಹೋಗದಂತೆ ತಡೆಯೋದು ಆ ಎರಡು ಕಣ್ಣುಗಳ ನೆನಪು. ಸಾಹೇಬ ಸತ್ತ ಮೇಲೂ ಕಣ್ಣು ಬಿಡೋದಿಲ್ಲ. ನಾನು ಕೆಲಸ ಮಾಡುವ ಕಡೆ ಇದನ್ನು ಡ್ಯಾಶ್‌ಬೋರ್ಡ್ ಅನ್ನುತ್ತಾರೆ. ನಾನು ಎಷ್ಟೊತ್ತಿಗೆ ಲಾಗಿನ್ ಆದೆ, ಎಷ್ಟು ಟಿಕೆಟ್ ಮುಚ್ಚಿದೆ, ಎಲ್ಲ ಅದಕ್ಕೆ ಗೊತ್ತು. ನಮ್ಮನ್ನು ಅಲ್ಲಿ 'ರಿಸೋರ್ಸ್' ಅಂತಾರೆ. ನಮ್ಮವ್ವನ ಗುಂಪನ್ನು ಗದ್ದೆಯ ಮೇಸ್ತ್ರಿ 'ಹನ್ನೆರಡು ಆಳು' ಅನ್ನುತ್ತಿದ್ದ. ಅವ್ವನ ಕೈಯನ್ನು ಎಣಿಸಿದವರು ಬಹಳ ಮಂದಿ. ಅವಳಿಗೂ ಕಣ್ಣಿವೆ, ಅವಳೂ ಏನೋ ನೋಡುತ್ತಿದ್ದಾಳೆ ಅಂತ ಎಣಿಸಿದವರನ್ನು ನಾನು ಕಾಣೆ.

ಹಾಗಾಗಿ ನನ್ನ ತೀರ್ಪು ತಯಾರಿತ್ತು. 'ಪಡೋಸಿ'ಯಲ್ಲಿ ಎರಡು ಮುಖಗಳು ಒಂದನ್ನೊಂದು ನೋಡುತ್ತವೆ, 'ದೋ ಆಂಖೇಂ'ನಲ್ಲಿ ಒಂದೇ ಮುಖ ಎಲ್ಲರನ್ನೂ ನೋಡುತ್ತದೆ. ಪಾಲುದಾರ ಮಾಲೀಕನಾದ, ಗೇಟ್ ಕೀಪರ್ ಜೈಲರ್ ಆದ. ಪಾಯಿಂಟು ಚೆನ್ನಾಗಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಡ್ಯಾಮಿಗೆ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು. ಹೆಚ್ಚಿನ ನೀರು ಉಳಿಯಿತು, ಪೈರೂ ಉಳಿಯಿತು. ಮುಂದಿನ ತಿಂಗಳು ಊರಿಗೆ ಹೋದಾಗ ಈ ಪಾಯಿಂಟನ್ನು ಕಾಕಾನ ಮುಂದೆ ಬಿಚ್ಚಿದೆ. ಉರ್ದು-ಹಿಂದಿ ತಿಳಿಯುವ ಸೀಮೆಯಾದ್ದರಿಂದ ನಮ್ಮ ಟೆಂಟಿನಲ್ಲಿ ಹಳೆಯ ಹಿಂದಿ ಸಿನಿಮಾ ಮತ್ತೆ ಮತ್ತೆ ಬರುತ್ತಿದ್ದವು. 'ದೋ ಆಂಖೇಂ' ಮಸ್ಕಿಯಲ್ಲಿ ಹಾಕಿದ್ದು ಅವನಿಗೆ ನೆನಪಿತ್ತು.

"ಸಾಹೇಬನ ಕಣ್ಣು ಯಾರ್ ನೋಡಿದ್ರೋ" ಅಂದ ಕಾಕಾ. "ಆ ಯಾಪಾರಿ ಗೂಳಿ ಬಿಡ್ತಾನಲ್ಲ ಹೊಲಕ್ಕ, ಆಗ ಹೆಣ್ಮಕ್ಕಳ ಕಡಿಂದ ಒಂದ ಸವನ ಒದರಾಕತ್ತಿದ್ರು. ಪೈರು ಹೋತು, ಪೈರು ಹೋತು ಅಂತ. ಒಬ್ಬಾಕಿ ಎದ್ದ ನಿಂತಬಿಟ್ಟಳು. ಸಾಹೇಬ ಸತ್ತಿದ್ದು ಆಮ್ಯಾಲ ಗೊತ್ತಾತು ಅವರಿಗೆ."

ನಾನು ಸುಮ್ಮನಾದೆ. ಸಿನಿಮಾದಲ್ಲಿ ಕಾಯಿಪಲ್ಯೆ ಅಗ್ಗಕ್ಕೆ ಮಾರಿದರು ಅಂತ ವ್ಯಾಪಾರಿಗಳು ಹೊಡೆಸುತ್ತಾರೆ, ಹೊಲ ತುಳಿಸುತ್ತಾರೆ. ನಾನು ಅದನ್ನು ಜೈಲರನ ತ್ಯಾಗಕ್ಕೆ ಮಾಡಿಕೊಂಡ ನೆಪ ಅಂತ ಓದಿದ್ದೆ. ಅವರು ಸಿನಿಮಾ ಇರುವುದೇ ಅಲ್ಲಿ ಅಂತ ಓದಿದ್ದರು. ಹೆಸರು ಏನೇ ಇರಲಿ, ಆರು ಜನ ಬರಡು ನೆಲ ಅಗೆದು ಹಸಿರು ಮಾಡೋದನ್ನು ಶಾಂತಾರಾಮ್ ಆತುರವಿಲ್ಲದೆ ತೋರಿಸಿದ್ದರು. ಅದನ್ನು ನೋಡಬೇಕಾದವರು ನೋಡಿಕೊಂಡರು. ಮಾಲೀಕನೊಳಗೆ ಹುಬ್ಬಳ್ಳಿಯ ಆ ಹುಡುಗ ಪೂರ್ತಿ ಸತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ನನ್ನ ತಕರಾರು ಇನ್ನೂ ಇದೆ. ಆದರೆ ಅದು ಅರ್ಧ ಸಿನಿಮಾದ ಮೇಲಿನ ತಕರಾರು. ಉಳಿದರ್ಧ ಟಿಕೆಟು ಕೊಂಡವರದು. ವಿಮರ್ಶೆ ಬರೆಯುವವನು ಪರದೆ ಮಾತ್ರ ನೋಡಿದರೆ ಸಾಲದು ಅಂತ ಗೊತ್ತಾಯಿತು.

ಆ ರಾತ್ರಿ ಕಾಕಾನಿಗೆ ಲ್ಯಾಪ್‌ಟಾಪಿನಲ್ಲಿ 'ಪಡೋಸಿ' ಹಾಕಿದೆ. ಪ್ರಿಂಟು ಮಸುಕು, ಸದ್ದು ಗೊರಗೊರ. ಅವನು ಪರದೆ ನೋಡಿದ, ನಾನು ಅವನ ಮುಖ ನೋಡುತ್ತ ಕೂತೆ.

ಒಂದು ಮಾತು ಮೊದಲೇ ಹೇಳಬೇಕಿತ್ತು. ಟೆಂಟಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರು ನಮ್ಮೂರಿನ ಒಬ್ಬ ಸಾಬರು. ನಮಗೆಲ್ಲ ಆಪರೇಟರ್ ಮಾಮಾ. ನಮ್ಮ ಹೊಲದ ಬದುವಿಗೇ ಅವರ ಹೊಲ. ಗೇಟಿನವನು, ಆಪರೇಟರು ಒಂದೇ ಸೈಕಲ್ಲಿನಲ್ಲಿ ಊರೂರು ಅಲೆದವರು. ಟೆಂಟು ಮುಚ್ಚಿದ ಮೇಲೆ ಇಬ್ಬರೂ ಹೊಲಕ್ಕೆ ಮರಳಿದರು. ನಮ್ಮದು ಉಪಕಾಲುವೆಯ ಕೊನೆಭಾಗ. ನೀರು ಮೇಲಿನವರಿಗೆ ಮುಗಿದು ನಮಗೆ ಬರಬೇಕು. ಒಂದು ಬೇಸಿಗೆ, ಯಾರ ಪಾಳಿ ಮೊದಲು ಅಂತ ರಾತ್ರಿ ಮಾತಿಗೆ ಮಾತು ಬೆಳೆಯಿತು. ಬೆಳಗಾಗುವಷ್ಟರಲ್ಲಿ ಊರಿನ ಬೇರೆ ಮಂದಿ ಅದಕ್ಕೆ ಬೇರೆ ಅಂಗಿ ತೊಡಿಸಿಬಿಟ್ಟಿದ್ದರು. ಆಪರೇಟರ್ ಮಾಮಾ ಆಮೇಲೆ ಹೊಲ ಪಾಲಿಗೆ ಕೊಟ್ಟು ಲಿಂಗಸುಗೂರಿನ ಮಗಳ ಮನೆ ಸೇರಿದರು. ಹದಿನೆಂಟು ವರ್ಷ ಆಯ್ತು. ಒಂದೇ ರಸ್ತೆ, ಮಸ್ಕಿ ದಾಟಿದರೆ ಲಿಂಗಸುಗೂರು. ಕಾಕಾ ಹೋಗಿಲ್ಲ, ಅವರೂ ಬಂದಿಲ್ಲ.

ಸಿನಿಮಾ ಮುಗಿಯಿತು. ಕಾಕಾ ಏನೂ ಅನ್ನಲಿಲ್ಲ. ಎದ್ದು ಹೋಗಿ ಚರಗಿ ನೀರು ಕುಡಿದು ಬಂದ. ಅವನ ಮುಖ ಸಿನಿಮಾಕ್ಕೆ ಮುಂಚಿನ ಮುಖ ಆಗಿರಲಿಲ್ಲ, ಅಷ್ಟು ನಾನು ಹೇಳಬಲ್ಲೆ.

"ಇದು ಆತನ ಕೈಯಾಗ ಓಡಿದ್ರ ಇಷ್ಟು ಮಸಕ ಇರ್ತಿರಲಿಲ್ಲ" ಅಂದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ, "ಆತನ ಮೊಮ್ಮಗಗ ದೊಡ್ಡ ಮೊಬೈಲ್ ಐತಂತಲ್ಲ. ಇದನ್ನ ಅದಕ್ಕ ಕಳಿಸಾಕ ಬರ್ತೈತೇನು?"

ಊರಿನ ಹುಡುಗರ ಹತ್ತಿರ ನಂಬರು ತಗೊಂಡು ಲಿಂಕು ಕಳಿಸಿದೆ. 'ಕಾಕಾ ಕಳಿಸು ಅಂದ, ಅಜ್ಜಾರಿಗೆ ತೋರಿಸು' ಅಂತ ಅಷ್ಟೇ ಬರೆದೆ. ಹುಡುಗ ಒಂದು ಥಂಬ್ಸ್‌ಅಪ್ ಒತ್ತಿದ, ಬೇರೇನೂ ಬರಲಿಲ್ಲ. ಈಗ ನಾನು ಬೆಂಗಳೂರಿನಿಂದ ಫೋನ್ ಮಾಡಿದಾಗಲೆಲ್ಲ ಕಾಕಾ ಮಳೆ, ನೀರು, ನೆಲ್ಲಿನ ರೇಟು ಎಲ್ಲ ಹೇಳಿ ಮುಗಿಸಿ, ಇಡುವ ಮುಂಚೆ ಒಂದು ಮಾತು ಕೇಳುತ್ತಾನೆ.

"ನೋಡ್ಯಾರಂತೇನು?"

"ನೋಡಿರಬೇಕು ಕಾಕಾ" ಅನ್ನುತ್ತೇನೆ.